ಆಭಾ ಕಾರ್ಡ್ ಇದ್ದರೂ ಡಾಕ್ಟರಿಗೆ ಲ್ಯಾಬ್ ರಿಪೋರ್ಟ್ ಯಾಕೆ ಕಾಣಿಸುವುದಿಲ್ಲ?

ಓದುಗರ ಪ್ರಶ್ನೆ: ಅಮ್ಮನಿಗೆ ಆಭಾ ಕಾರ್ಡ್ ಮಾಡಿಸಿದ್ದೇವೆ. ಊರಿನ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿ ಬೆಂಗಳೂರಿಗೆ ಕರೆದುಕೊಂಡು ಹೋದರೆ, ಅಲ್ಲಿನ ಡಾಕ್ಟರು ಮತ್ತೆ "ರಿಪೋರ್ಟ್ ತಂದಿದ್ದೀರಾ?" ಅಂತಲೇ ಕೇಳುತ್ತಾರೆ. ಹಾಗಾದರೆ ಕಾರ್ಡ್ ಯಾತಕ್ಕೆ?

ಮೊದಲು ಒಂದು ಗೊಂದಲ ಬಿಡಿಸೋಣ. ಆಯುಷ್ಮಾನ್ ಕಾರ್ಡ್ ಬೇರೆ, ಆಭಾ ಬೇರೆ. ಅದು ಚಿಕಿತ್ಸೆಯ ಖರ್ಚಿಗೆ, ಇದು ದಾಖಲೆಗೆ.

ಇನ್ನು ನಿಮ್ಮ ಪ್ರಶ್ನೆ. ಆಭಾದ 14 ಅಂಕಿಯ ಸಂಖ್ಯೆಯೊಳಗೆ ಯಾವ ರಿಪೋರ್ಟೂ ಇರುವುದಿಲ್ಲ. ಊರಿನ ಲ್ಯಾಬ್‌ಗೆ ಬಂದವರು, ಬೆಂಗಳೂರಿನ ಆಸ್ಪತ್ರೆಗೆ ಹೋದವರು ಇಬ್ಬರೂ ಒಬ್ಬರೇ ಎಂದು ಗುರುತಿಸುವುದಷ್ಟೇ ಅದರ ಕೆಲಸ. ಆಭಾ ಕೊಡುವ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾಯಿತು. ಎಲ್ಲರ ರಿಪೋರ್ಟನ್ನೂ ಒಂದೇ ಕಡೆ ತುಂಬಿಡುವ ವ್ಯವಸ್ಥೆ ಅದರಲ್ಲಿಲ್ಲ. ರಿಪೋರ್ಟ್ ತಯಾರಾದ ಲ್ಯಾಬ್‌ನಲ್ಲೇ ಉಳಿಯುತ್ತದೆ. ಡಾಕ್ಟರು ಕೇಳಿ, ನೀವು ಒಪ್ಪಿದರೆ ಅಲ್ಲಿಂದ ಬರುತ್ತದೆ.

ಅಂದರೆ ಲ್ಯಾಬ್‌ನ ಸಾಫ್ಟ್‌ವೇರ್ ಈ ಜಾಲಕ್ಕೆ ಸೇರಿರಬೇಕು, ಆಸ್ಪತ್ರೆಯದ್ದೂ ಸೇರಿರಬೇಕು, ಲ್ಯಾಬ್‌ನವರು ಆ ರಿಪೋರ್ಟನ್ನು ಅಮ್ಮನ ಆಭಾಗೆ ಲಿಂಕ್ ಮಾಡಿರಬೇಕು. ಕೊಂಡಿ ಕಳಚುವುದು ಹೆಚ್ಚಾಗಿ ಈ ಕೊನೆಯದರಲ್ಲೇ. ನಮ್ಮ ಅಮ್ಮನನ್ನು ಕರೆದುಕೊಂಡು ಹೋದಾಗಲೂ ಕೌಂಟರಿನಲ್ಲಿ ಹೆಸರು, ವಯಸ್ಸು, ಫೋನ್ ನಂಬರ್ ಬರೆದುಕೊಂಡರು. ಆಭಾ ಯಾರೂ ಕೇಳಲಿಲ್ಲ. ಸಂಜೆ ವಾಟ್ಸಾಪ್‌ಗೆ ಪಿಡಿಎಫ್ ಬಂತು, ಅಷ್ಟೇ.

ಪಿಡಿಎಫ್ ಇದ್ದರೆ ಸಾಲದಾ? ಸಾಲದು. ಈ ಮಾತು ನನಗೆ ಬಹಳ ಮುಖ್ಯ. ಉದಾಹರಣೆಗೆ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯೇಟಿನಿನ್ ರಕ್ತ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಒಂದು ವರ್ಷ 0.8, ಮುಂದಿನ ವರ್ಷ 0.9, ಈ ವರ್ಷ 1.1. ಮೂರು ಲ್ಯಾಬ್, ಮೂರು ಕಾಗದ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಸಾಲಾಗಿ ಇಟ್ಟಾಗ ಏರುತ್ತಿರುವುದು ಕಾಣುತ್ತದೆ, ಡಾಕ್ಟರು ಕಿಡ್ನಿ ಕಡೆ ಗಮನ ಕೊಡುತ್ತಾರೆ. ಕಂಪ್ಯೂಟರ್ ಹಾಗೆ ಸಾಲಾಗಿ ಜೋಡಿಸಬೇಕಾದರೆ ಅದಕ್ಕೆ ಅಂಕಿ ಬೇಕು, ಪಿಡಿಎಫ್‌ನಂಥ ಚಿತ್ರವಲ್ಲ.

ಅಂಕಿ ಇದ್ದರೂ ತೊಡಕು ತಪ್ಪುವುದಿಲ್ಲ. ಒಬ್ಬರು 'ಸೀರಮ್ ಕ್ರಿಯೇಟಿನಿನ್' ಅಂತ ಬರೆದರೆ ಇನ್ನೊಬ್ಬರು ಬರೀ 'ಕ್ರಿಯಾಟ್' ಅನ್ನುತ್ತಾರೆ. ಇಲ್ಲಿ ಡೆಸಿಲೀಟರಿಗೆ 1.1 ಮಿಲಿಗ್ರಾಂ ಎಂದು ತೂಕದಲ್ಲಿ ಹೇಳಿದ್ದು, ಅಮ್ಮ ಲಂಡನ್ನಿನ ಮಗಳ ಮನೆಗೆ ಹೋಗಿ ಪರೀಕ್ಷೆ ಮಾಡಿಸಿದರೆ ಅಣುಗಳ ಎಣಿಕೆಯ ಲೆಕ್ಕದಲ್ಲಿ ಲೀಟರಿಗೆ 97 ಮೈಕ್ರೋಮೋಲ್ ಆಗುತ್ತದೆ. ಕಿಡ್ನಿ ಅದೇ, ಅಳತೆ ಬೇರೆ. ಅದಕ್ಕೇ ಪ್ರತಿ ಪರೀಕ್ಷೆಗೂ ಒಂದು ಕೋಡ್ ಇದೆ. ಲೊಯಿಂಕ್ ಅಂತ ಅದರ ಹೆಸರು. 1994ರಲ್ಲಿ ಅಮೆರಿಕದ ರೀಜೆನ್‌ಸ್ಟ್ರೀಫ್ ಸಂಸ್ಥೆ ಶುರು ಮಾಡಿತು. ಅದರಲ್ಲಿ 2160-0 ಅಂದರೆ ತೂಕದ ಲೆಕ್ಕದಲ್ಲಿ ರಕ್ತದ ಕ್ರಿಯೇಟಿನಿನ್, ಯಾವ ಊರಿನಲ್ಲಾದರೂ. ಇಷ್ಟಾದರೂ ಲ್ಯಾಬ್‌ಗಳ ಪರೀಕ್ಷಾ ವಿಧಾನ ಬೇರೆ ಇರಬಹುದು. ಡಾಕ್ಟರು ಮತ್ತೊಮ್ಮೆ ರಕ್ತ ಕೊಡಿ ಎಂದರೆ ಪ್ರತಿ ಸಲವೂ ದುಡ್ಡಿನ ಆಸೆ ಅಂದುಕೊಳ್ಳಬೇಡಿ.

ಒಪ್ಪಿಗೆ ಕೇಳಿ ಫೋನಿಗೆ ಸಂದೇಶ ಬಂದಾಗ ಸುಮ್ನೆ 'ಸರಿ' ಒತ್ತಬೇಡಿ. ಯಾರು ಕೇಳುತ್ತಿದ್ದಾರೆ, ಯಾವ ದಾಖಲೆ, ಯಾವ ದಿನದಿಂದ ಯಾವ ದಿನದವರೆಗಿನದು ಎಂದು ಓದಿ. ಕೊಟ್ಟ ಒಪ್ಪಿಗೆಯನ್ನು ಆಮೇಲೆ ವಾಪಸ್ ತೆಗೆದುಕೊಳ್ಳಲೂಬಹುದು.

ಮುಂದಿನ ಸಲ ರಕ್ತ ಕೊಡುವ ಮೊದಲೇ ಕೌಂಟರಿನಲ್ಲಿ ಅಮ್ಮನ ಆಭಾ ಸಂಖ್ಯೆ ಹೇಳಿ, "ಇದಕ್ಕೆ ಲಿಂಕ್ ಮಾಡ್ತೀರಾ?" ಎಂದು ಕೇಳಿ. ಇಲ್ಲ ಅಂದರೆ ಹಳೆಯ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲಿರುವಂತೆ ಫೈಲ್ ಮಾಡಿ ಬೆಂಗಳೂರಿಗೆ ತೆಗೆದುಕೊಂಡು ಹೋಗಿ.