ಹೇಳಿದ ಮೇಲಿನ ಮೌನ

ನಮ್ಮ ಕುಮಟಾ, ಹೊನ್ನಾವರದ ಕಡೆ ‘ಒಮ್ಮೆ ಮಣಿಪಾಲಕ್ಕೆ ಹೋಗಿ ಬನ್ನಿ’ ಎಂದರೆ ಅರ್ಧ ಕೆಟ್ಟ ಸುದ್ದಿ ಹೇಳಿದಂತೆಯೇ. ಉಳಿದರ್ಧ ಹೊರಬೀಳುವ ರೀತಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಒಂದೇ. ವರದಿಯ ಲಕೋಟೆ ಹಿಡಿದ ಮಗ ಮೊದಲು ಒಬ್ಬನೇ ಒಳಗೆ ಹೋಗಿ, “ಅಪ್ಪನಿಗೆ ಏನೂ ಹೇಳಬೇಡಿ ಡಾಕ್ಟರೇ” ಎನ್ನುತ್ತಾನೆ. ಅವನು ಹೊರಬಂದು ಮುಖ ತಪ್ಪಿಸುವಾಗಲೇ ಬೆಂಚಿನ ಮೇಲಿದ್ದ ಅಪ್ಪನಿಗೆ ವರದಿ ಓದಿ ಮುಗಿದಿರುತ್ತದೆ.

ಇಂಥ ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವ ಜಾಣ್ಮೆ ವೈದ್ಯರಿಗೆ ಹುಟ್ಟುಗುಣ ಎಂದೇ ಬಹುಕಾಲ ನಂಬಿದ್ದರು. ಆದರೆ ಗಾಯಕ್ಕೆ ಹೊಲಿಗೆ ಹಾಕುವುದನ್ನು ಕಲಿತಂತೆ ಇದನ್ನೂ ಕಲಿಯಬಹುದು. 2000ರಲ್ಲಿ ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು ಕ್ಯಾನ್ಸರ್ ವೈದ್ಯರಿಗಾಗಿ ‘ಸ್ಪೈಕ್ಸ್’ ಎಂಬ ಆರು ಹಂತಗಳ ಕ್ರಮವನ್ನು ಪ್ರಕಟಿಸಿದರು. ಕದ ಮುಚ್ಚಿ ಕುಳಿತುಕೊಳ್ಳಬೇಕು. ಹೇಳುವ ಮೊದಲು ಕೇಳಬೇಕು: ಕಾಯಿಲೆಯ ಬಗ್ಗೆ ನಿಮಗೆ ಈಗಾಗಲೇ ಏನು ಗೊತ್ತು? ಎಲ್ಲವನ್ನೂ ತಿಳಿಯಬೇಕೇ, ಅಥವಾ ಮನೆಯವರ ಹತ್ತಿರ ಮಾತಾಡಲೇ? ಮಗನ ಬೇಡಿಕೆಗೆ ಉತ್ತರ ಈ ಎರಡನೆಯ ಪ್ರಶ್ನೆಯಲ್ಲೇ ಇದೆ, ತೀರ್ಮಾನ ಅಪ್ಪನದು. ಬಳಿಕ, “ವರದಿ ನಾವು ಬಯಸಿದಂತೆ ಬಂದಿಲ್ಲ” ಎಂದು ಮುನ್ಸೂಚನೆ ಕೊಟ್ಟು ‘ಕ್ಯಾನ್ಸರ್’ ಎಂದೇ ಹೇಳಬೇಕು. ‘ಸಣ್ಣ ಗಡ್ಡೆ’ ಎಂದು ಜಾರಿಕೊಳ್ಳುವಂತಿಲ್ಲ.

ಆಮೇಲೆ ಸುಮ್ಮನಿರಬೇಕು. ಕಷ್ಟವಿರುವುದು ಇಲ್ಲೇ. ಆಘಾತಗೊಂಡ ಮನಸ್ಸಿಗೆ ಕಿಮೋಥೆರಪಿಯ ವಿವರ ತಲುಪುವುದಿಲ್ಲ. ಆದರೂ ಮೌನ ತಾಳದ ವೈದ್ಯರು ವಿವರಿಸತೊಡಗುತ್ತಾರೆ. 1984ರಲ್ಲಿ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಅಮೆರಿಕದಲ್ಲಿ ಅಳೆದು ನೋಡಿದಾಗ, ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು.

ಭಾರತದ ಎಂಬಿಬಿಎಸ್ ಪಠ್ಯಕ್ರಮಕ್ಕೆ 2019ರಿಂದ ಸಂವಹನದ ಪಾಠ ಸೇರಿದೆ. ಒಳ್ಳೆಯದೇ. ಆದರೆ ನಡುರಾತ್ರಿ ವಾರ್ಡಿನಲ್ಲಿ “ಸಿಸ್ಟರ್, ನಾನು ಉಳಿಯುತ್ತೇನಾ?” ಎಂಬ ಪ್ರಶ್ನೆ ಎದುರಿಸುವವರು ನರ್ಸುಗಳು, ಅವರನ್ನು ಬಿಟ್ಟ ತರಬೇತಿ ಅರ್ಧ ತರಬೇತಿ.

ಅಭ್ಯಾಸಕ್ಕೆ ರೋಗಿಯ ಪಾತ್ರಧಾರಿ ಬೇಕು. ಹೊವಾರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು 1963ರಲ್ಲೇ ಲಾಸ್ ಏಂಜಲೀಸ್‌ನಲ್ಲಿ ಈ ಪದ್ಧತಿ ಆರಂಭಿಸಿದರು. ನಮ್ಮ ಜಿಲ್ಲೆಯಲ್ಲಂತೂ ಪಾತ್ರಧಾರಿಗಳಿಗೆ ಬರವೇ? ವೇಷವಿಲ್ಲದೆ, ಬರೆದ ಮಾತಿಲ್ಲದೆ, ಎದುರಾಳಿಯ ಮಾತಿನ ಎಳೆ ಹಿಡಿದೇ ಮುಂದುವರಿಯುವ ತಾಳಮದ್ದಳೆಯ ಅರ್ಥಧಾರಿಗಿಂತ ಒಳ್ಳೆಯ ಗುರು ಸಿಗಲಾರ.

ಶಿರಸಿಯ ಕಡೆಯ ಅಂಥ ಒಬ್ಬರನ್ನು ವೈದ್ಯ ವಿದ್ಯಾರ್ಥಿನಿಯ ಎದುರು ಕೂರಿಸಿದ್ದೇವೆ ಎಂದುಕೊಳ್ಳಿ. ಅವಳು ಸುದ್ದಿ ಹೇಳುತ್ತಾಳೆ. ಅವರು ಪಂಚೆಯ ಅಂಚು ಮಡಚುತ್ತಾರೆ, ಬಿಡಿಸುತ್ತಾರೆ. ಫ್ಯಾನ್ ತಿರುಗುತ್ತದೆ. ಅವಳ ಕೈ ಫೈಲಿನತ್ತ ಹೋಗಿ ಹಿಂದೆ ಸರಿಯುತ್ತದೆ.

“ಈ ಸಲದ ಅಡಿಕೆಯ ಕೊನೆಕೊಯ್ಲಿಗೆ ನಾನು ತೋಟದಲ್ಲಿರುತ್ತೇನೆಯೇ ತಂಗಿ?”

‘ಏನೂ ಆಗುವುದಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಅದನ್ನು ನುಂಗಿಕೊಂಡು ಅವಳು ಕೇಳುತ್ತಾಳೆ, “ಕೊಯ್ಲು ಯಾವಾಗ ಶುರು, ಹೆಗಡೆಯವರೇ?”