ಚಂದ್ರ ಪತಂಗಕ್ಕೆ ಬೆಲ್ಲ ಇಡಬೇಡಿ

ಮೊದಲ ಮಳೆ ಬಿದ್ದ ವಾರದಿಂದಲೇ ನನ್ನ ಫೋನಿಗೆ ಫೋಟೋಗಳು ಬರಲು ಶುರುವಾಗುತ್ತವೆ. ಜಗಲಿಯ ಗೋಡೆ, ಟ್ಯೂಬ್‌ಲೈಟ್, ಅದರ ಕೆಳಗೆ ಅಂಗೈಯಗಲದ ತಿಳಿಹಸಿರು ಪತಂಗ. ಮುಂದಿನ ಮೆಸೇಜ್ ನನಗೆ ಬಾಯಿಪಾಠ: ‘ಬೆಳಗ್ಗೆಯಿಂದ ಅಲ್ಲಾಡಿಲ್ಲ. ಹಸಿದಿರಬೇಕು ಪಾಪ. ಸಕ್ಕರೆ ನೀರು ಕೊಡ್ಲಾ?’

ಬೇಡ. ದಯವಿಟ್ಟು ಬೇಡ. ಮಲೆನಾಡಿನಲ್ಲಿ ಪತಂಗ ನೋಡುತ್ತಾ ಹದಿನೈದು ವರ್ಷವಾಯಿತು. ಈ ಒಂದು ಮಾತನ್ನು ಹೇಳಿದಷ್ಟು ಸಲ ಬೇರೇನನ್ನೂ ಹೇಳಿಲ್ಲ. ಚಂದ್ರ ಪತಂಗಕ್ಕೆ ಉಣ್ಣುವ ಬಾಯಿಯೇ ಇಲ್ಲ.

ನಂಬಿಕೆ ಬಾರದಿದ್ದರೆ ಲೆನ್ಸ್ ಹಿಡಿದು ಮುಖ ನೋಡಿ. ಚಿಟ್ಟೆಗೆ ಸುರುಳಿ ಸುತ್ತಿದ ಹೀರುನಳಿಕೆ ಇರುತ್ತದಲ್ವಾ? ಇಲ್ಲಿ ಆ ಜಾಗದಲ್ಲಿ ಬಿಳಿ ರೋಮ ಕಾಣುತ್ತದೆ, ಅಷ್ಟೇ. ರೋಮದಡಿ ಇರುವುದು ಬೆಳೆಯದೆ ನಿಂತುಹೋದ ಒಂದು ಚೂರು. ಅದರಿಂದ ಹನಿ ನೀರನ್ನೂ ಹೀರಲು ಆಗುವುದಿಲ್ಲ. ರೇಷ್ಮೆ ಸಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಗೂಡಿನಿಂದ ಹೊರಬಂದ ರೇಷ್ಮೆ ಪತಂಗಕ್ಕೆ ಯಾರೂ ಹಿಪ್ಪುನೇರಳೆ ಸೊಪ್ಪು ಹಾಕುವುದಿಲ್ಲ. ಅದು ಏನೂ ತಿನ್ನದೆ ಜೊತೆಗೂಡುತ್ತದೆ, ಮೊಟ್ಟೆ ಇಡುತ್ತದೆ, ಸಾಯುತ್ತದೆ. ಚಂದ್ರ ಪತಂಗದ್ದೂ ಅದೇ ದಾರಿ.

ಹಾಗಾದರೆ ಊಟ ಎಲ್ಲಿ? ಎಲ್ಲವೂ ಹುಳುವಾಗಿದ್ದಾಗಲೇ ಮುಗಿದಿರುತ್ತದೆ. ಮತ್ತಿ, ಗೇರಿನಂಥ ಮರಗಳ ಎಲೆಯನ್ನು ಒಂದು ತಿಂಗಳಿಗೂ ಜಾಸ್ತಿ ಕಾಲ ಮೇಯ್ದು, ನಾಲ್ಕು ಸಲ ಪೊರೆ ಕಳಚಿ, ಹೆಬ್ಬೆರಳು ಗಾತ್ರದ ಹಸಿರು ಹುಳುವಾಗುತ್ತದೆ. ಆಮೇಲೆ ಎಲೆ ಸುತ್ತಿಕೊಂಡು ಗೂಡು. ರೆಕ್ಕೆ ಬಂದ ಮೇಲೆ ಸಿಗುವುದು ಹೆಚ್ಚುಕಡಿಮೆ ಒಂದು ವಾರ. ಆ ಒಂದು ವಾರವೂ ಹುಳುವಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೇ ನಡೆಯಬೇಕು. ಹೊಸದಾಗಿ ಒಂದು ಕಾಳೂ ಸೇರುವುದಿಲ್ಲ. ಹಗಲು ಅಲ್ಲಾಡದೆ ಕೂತಿದೆ ಎಂದರೆ ಅದಕ್ಕೆ ಸುಸ್ತಲ್ಲ. ಅದು ರಾತ್ರಿಯ ಜೀವ, ಇರುವುದನ್ನು ಉಳಿಸಿಕೊಳ್ಳುತ್ತಿದೆ.

ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ ಒಮ್ಮೆ ಜೋನಿ ಬೆಲ್ಲ ಇಟ್ಟಿದ್ದರು. ಪ್ರೀತಿಯಿಂದಲೇ ಇಟ್ಟದ್ದು. ನಾನು ಹೋಗುವಷ್ಟರಲ್ಲಿ ಪತಂಗದ ಹಿಂದಿನ ರೆಕ್ಕೆಯ ಉದ್ದನೆಯ ಬಾಲಗಳಲ್ಲಿ ಒಂದು ತಟ್ಟೆಗೆ ಅಂಟಿತ್ತು. ಕೆಂಪು ಅಂಚಿನ ಮುಂದಿನ ರೆಕ್ಕೆ ಮುದುಡಿ ಹೋಗಿತ್ತು. ಇರುವೆ ಸಾಲು ಹೊಟ್ಟೆಯ ತನಕ ಬಂದಿತ್ತು. ಅಜ್ಜಿ ಕಣ್ಣಲ್ಲಿ ನೀರು. ‘ಬಾಯಿಲ್ದೆ ಹೆಂಗೆ ಬದುಕುತ್ತೆ ಮಗಾ?’ ಅಂದರು. ಮಳೆಗಾಲಕ್ಕೆ ಮೊದಲು ನೀವು ಸೌದೆ, ಹಪ್ಪಳ, ಉಪ್ಪಿನಕಾಯಿ ಜೋಡಿಸಿಡ್ತೀರಲ್ಲ, ಹಾಗೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಟ್ಟ ತುಂಬಿಸ್ಕೊಂಡೇ ಬಂದಿದೆ ಅನ್ನು’ ಅಂದರು. ಇಷ್ಟು ವರ್ಷ ನಾನು ಕೊಟ್ಟ ಎಲ್ಲ ವಿವರಣೆಗಿಂತ ಆ ಮಾತು ಚೆನ್ನಾಗಿದೆ.

ಆ ಬಾಲದ ಬಗ್ಗೆಯೂ ಒಂದು ಮಾತು. ಅದು ಸುಮ್ನೆ ಅಂದಕ್ಕೆ ಇರುವುದಲ್ಲ. ಇದೇ ಕುಲದ ಅಮೆರಿಕದ ಲೂನಾ ಪತಂಗದ ಬಗ್ಗೆ 2015ರಲ್ಲಿ ಒಂದು ಅಧ್ಯಯನ ಬಂತು. ಹಾರುವಾಗ ಬಾಲ ಸುತ್ತುತ್ತದೆ, ಬಾವಲಿ ಬೇಟೆ ಹುಡುಕಲು ಬಿಡುವ ಸದ್ದಿನ ಪ್ರತಿಧ್ವನಿಯಲ್ಲಿ ಅದೇ ಮೈಯಂತೆ ತೋರುತ್ತದೆ. ಬಾವಲಿಗಳ ದಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲದ ಕಡೆಗೇ ಇತ್ತು. ಬಾಲ ಹರಿದರೂ ಜೀವ ಉಳಿಯುತ್ತದೆ. ನಮ್ಮದರಲ್ಲೂ ಹೀಗೇ ಇರಬಹುದು. ಹಾಗಾಗಿ ಬಾಲ ತುಂಡಾದ ಪತಂಗ ಕಂಡರೆ ಗಾಬರಿಯಾಗಿ ಡಬ್ಬಿಯಲ್ಲಿ ಹಾಕಬೇಡಿ. ಅದು ಹಾರಬಲ್ಲದು.

ಒಂದು ಎಚ್ಚರಿಕೆ: ಎಲ್ಲ ಪತಂಗಕ್ಕೂ ಈ ಮಾತು ಹೊಂದುವುದಿಲ್ಲ. ಸಂಜೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುವ ಗಿಡುಗ ಪತಂಗಗಳಿಗೆ ಉದ್ದದ ನಳಿಕೆಯೇ ಇದೆ. ನಾನು ಹೇಳುತ್ತಿರುವುದು ಚಂದ್ರ ಪತಂಗ ಮತ್ತು ಅದರ ಕುಟುಂಬದ ಟಸಾರ್, ಅಟ್ಲಾಸ್ ಪತಂಗಗಳ ಬಗ್ಗೆ.

ನಿಜವಾಗಿ ಸಹಾಯ ಮಾಡಬೇಕು ಅನಿಸಿದರೆ ರಾತ್ರಿ ಹೊರಗಿನ ಲೈಟ್ ಆರಿಸಿ. ಹೆಣ್ಣು ಕತ್ತಲಲ್ಲಿ ಕೂತು ವಾಸನೆ ಬಿಡುತ್ತದೆ. ಗಂಡು ತನ್ನ ಗರಿಯಂಥ ಮೀಸೆಯಲ್ಲಿ ಅದನ್ನು ಹಿಡಿದು ದೂರದಿಂದ ಹುಡುಕಿಕೊಂಡು ಬರುತ್ತದೆ. ನಿಮ್ಮ ಬಲ್ಬಿನ ಸುತ್ತ ಇಡೀ ರಾತ್ರಿ ಸುತ್ತಿದರೆ ಏಳು ರಾತ್ರಿಗಳಲ್ಲಿ ಒಂದು ಹೋಯಿತು. ಅಟ್ಟದ ಸೌದೆಯೂ ಅಷ್ಟು ಉರಿದುಹೋಯಿತು.

ಹೋದ ವರ್ಷ ಜೂನ್‌ನಲ್ಲಿ ಅದೇ ಅಜ್ಜಿಯ ಫೋನ್. ‘ಮತ್ತೆ ಬಂದಿತ್ತು. ಏನೂ ಇಡ್ಲಿಲ್ಲ, ಲೈಟ್ ಆರ್ಸಿದೆ. ಬೆಳಗ್ಗೆ ನೋಡಿದ್ರೆ ಕಿಟಕಿ ಪರದೆ ಮೇಲೆ ಮೊಟ್ಟೆ ಇಟ್ಟು ಹೋಗಿದೆ. ಪರದೆ ಒಗೀಬಹುದಾ?’ ಎರಡು ವಾರ ಒಗೆಯಬೇಡಿ, ಮೊಟ್ಟೆ ಇರುವಷ್ಟು ಬಟ್ಟೆ ಕತ್ತರಿಸಿ ಹಿತ್ತಲ ಮತ್ತಿ ಮರದ ಕೊಂಬೆಗೆ ಕಟ್ಟಿ ಅಂದೆ. ಅವರು ಕತ್ತರಿಸಲಿಲ್ಲ. ಇಡೀ ಪರದೆಯನ್ನೇ ಬಿಚ್ಚಿ ಮರಕ್ಕೆ ಕಟ್ಟಿದ್ದರು.