ಶಾಶ್ವತ ಪೂಜೆಯ ರಶೀದಿ ಮತ್ತು ಸಮುದಾಯ ಪ್ರತಿಷ್ಠಾನದ ಇಡುಗಂಟು

ನಮ್ಮ ಪಠ್ಯದಲ್ಲಿ ಸಮುದಾಯ ಪ್ರತಿಷ್ಠಾನದ ಇಡುಗಂಟಿನ ಕುರಿತ ಅಧ್ಯಾಯ ಮುಗಿಸಲು ನನಗೆ ನಾಲ್ಕು ದಿನ ಹಿಡಿಯಿತು. ಅದರಲ್ಲಿ ಮೂರು ದಿನ ಒಂದೇ ಪ್ರಶ್ನೆಗೆ ಹೋಯಿತು: ಬಡ್ಡಿ ಕೈಗೆ ಬಂದಿದೆ, ಊರಿನ ಕಷ್ಟ ಕಣ್ಣೆದುರಿಗೇ ಇದೆ, ಆದರೂ ಪ್ರತಿಷ್ಠಾನ ಆ ಬಡ್ಡಿಯನ್ನು ಪೂರ್ತಿ ಹಂಚುವುದಿಲ್ಲವೇಕೆ? ಸಮಾಜಕಾರ್ಯ ಓದುತ್ತಿರುವ ಗೆಳೆಯರಿಗೆ ಉಪಯೋಗವಾಗಲಿ ಎಂದೂ, ಪರೀಕ್ಷೆಯ ದಿನ ನನಗೇ ಮರೆತುಹೋಗದಿರಲಿ ಎಂದೂ ಇದನ್ನು ಬರೆದಿಡುತ್ತಿದ್ದೇನೆ. ನನಗೆ ಸುಲಭವಾಗಿ ತಲೆಗೆ ಹೋದದ್ದನ್ನು ಬೇಗ ದಾಟಿದ್ದೇನೆ, ಬೇಸರಿಸಬೇಡಿ.

ನಮಗೆ ಮೊದಲೇ ಗೊತ್ತಿರುವ ವಿಷಯ

ಪಠ್ಯದ ವ್ಯಾಖ್ಯೆಯನ್ನು ಉರು ಹೊಡೆಯುವ ಮೊದಲು ದೇವಸ್ಥಾನದ ಸೇವಾ ಪಟ್ಟಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮಂಗಳೂರು, ಉಡುಪಿ ಕಡೆಯ ಹೆಚ್ಚಿನ ದೇವಸ್ಥಾನಗಳ ಫಲಕದಲ್ಲಿ, ಹೂವಿನ ಪೂಜೆ, ರಂಗಪೂಜೆಗಳ ಕೆಳಗೆ, ‘ಶಾಶ್ವತ ಪೂಜೆ’ ಎಂಬ ಸಾಲಿರುತ್ತದೆ. ಒಮ್ಮೆ ಹಣ ಕಟ್ಟಿದರೆ ಸಾಕು, ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಪ್ರತಿವರ್ಷ ನೀವು ಹೇಳಿದ ದಿನ ಪೂಜೆ ಮಾಡಿ ಪ್ರಸಾದವನ್ನು ಅಂಚೆಯಲ್ಲಿ ಕಳುಹಿಸುತ್ತಾರೆ. ಶಾಲೆಯ ದತ್ತಿ ಬಹುಮಾನ, ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ ಎಲ್ಲವೂ ಇದೇ ಕುಲದವು. ಅಸಲು ತೆಂಗಿನ ಮರ, ಬಡ್ಡಿ ಕಾಯಿ. ಕಾಯಿ ಕೀಳಬಹುದು, ಮರ ಕಡಿಯುವಂತಿಲ್ಲ. ದತ್ತಿನಿಧಿ, ಮೂಲಧನ, ಇಡುಗಂಟು ಎಂದು ಪುಸ್ತಕಗಳಲ್ಲಿ ಬೇರೆ ಬೇರೆ ಹೆಸರು ಬರುತ್ತವೆ. ನಾನು ಇಡುಗಂಟು ಎನ್ನುತ್ತೇನೆ, ಇಟ್ಟ ಗಂಟು ಎಂಬ ಅರ್ಥ ಅದರಲ್ಲೇ ಇದೆ.

ಸಮುದಾಯ ಪ್ರತಿಷ್ಠಾನವೆಂದರೆ ಒಂದು ಊರಿಗಾಗಿ ಹಲವು ದಾನಿಗಳ ಇಡುಗಂಟುಗಳನ್ನು ಒಂದೇ ಸೂರಿನಡಿ ಇಡುವ ಸಂಸ್ಥೆ. ಮೊದಲನೆಯದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1914ರಲ್ಲಿ ಹುಟ್ಟಿತು. ಹುಟ್ಟುಹಾಕಿದವರು ಅಲ್ಲಿನ ಬ್ಯಾಂಕಿನ ಮುಖ್ಯಸ್ಥರೂ ವಕೀಲರೂ ಆಗಿದ್ದ ಫ್ರೆಡರಿಕ್ ಗೋಫ್. ಲೆಕ್ಕಪುಸ್ತಕದಲ್ಲಿ ಪ್ರತಿಯೊಬ್ಬ ದಾನಿಯ ನಿಧಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಪುಟ. ಆದರೆ ಹಣವನ್ನು ಒಟ್ಟಾಗಿ ಹೂಡುತ್ತಾರೆ, ಕಚೇರಿ ಒಂದೇ, ಲೆಕ್ಕಪರಿಶೋಧನೆಯೂ ಒಂದೇ. ಎರಡು ಲಕ್ಷ ರೂಪಾಯಿ ಕೊಡಬಲ್ಲ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮದೇ ಟ್ರಸ್ಟ್ ನೋಂದಾಯಿಸಲು ಹೊರಟರೆ ವರ್ಷದ ಬಡ್ಡಿಯೆಲ್ಲ ಲೆಕ್ಕಪರಿಶೋಧಕರ ಶುಲ್ಕಕ್ಕೇ ಹೋದೀತು. ಒಟ್ಟು ಸೇರುವುದರ ಲಾಭ ಇಷ್ಟೇ, ಇದರಲ್ಲಿ ಗೂಢವೇನೂ ಇಲ್ಲ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಯ ಹೆಸರು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’. ಇಂದಿನ ಕೆನರಾ ಬ್ಯಾಂಕ್ ಅದೇ. ಹೆಸರಿನಲ್ಲಿ ‘ಶಾಶ್ವತ ನಿಧಿ’ ಇರುವುದನ್ನು ಕಂಡು, ನಮ್ಮ ಊರಿನ ಮೊದಲ ಸಮುದಾಯ ಇಡುಗಂಟು ಸಿಕ್ಕಿತೆಂದು ನಾನು ಒಂದು ಸಂಜೆಯಿಡೀ ಹಿಗ್ಗಿದೆ. ಅದು ಬ್ಯಾಂಕು. ಇಟ್ಟವರ ಹಣ ಇಟ್ಟವರಿಗೇ ಮರಳುತ್ತದೆ. ಇಡುಗಂಟಿನಲ್ಲಿ ಕೊಟ್ಟವರಿಗೆ ಏನೂ ಮರಳುವುದಿಲ್ಲ, ರಶೀದಿಯೊಂದನ್ನು ಬಿಟ್ಟು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ, ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಗೂ ಇದೇ ಮಾತು. ಆದರೆ ಅದರಿಂದ ಒಂದು ಸಂಗತಿ ಕಲಿಯಬಹುದು: ಮನೆಮನೆಗೆ ಹೋಗಿ ಕೇಳುವವನೊಬ್ಬನಿದ್ದರೆ ಚಿಲ್ಲರೆಯೂ ಗಂಟಾಗುತ್ತದೆ.

ನಾನು ಎಡವಿದ ಮೆಟ್ಟಿಲು

ನನ್ನ ಅಜ್ಜ 1978ರಲ್ಲಿ ಅಜ್ಜಿಯ ಹೆಸರಿನಲ್ಲಿ ಊರಿನ ದೇವಸ್ಥಾನಕ್ಕೆ 501 ರೂಪಾಯಿ ಕಟ್ಟಿ ಶಾಶ್ವತ ಪೂಜೆ ಬರೆಸಿದ್ದರು. ರಶೀದಿ ಇಂದಿಗೂ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಶೇಕಡಾ 7ರ ಬಡ್ಡಿಯಲ್ಲಿ ಅದು ಇಂದು ವರ್ಷಕ್ಕೆ 35 ರೂಪಾಯಿ ಕೊಡುತ್ತದೆ. 35 ರೂಪಾಯಿಗೆ ಒಂದು ತೆಂಗಿನಕಾಯಿ ಸಿಗುವುದೂ ಅನುಮಾನ. ಅಸಲನ್ನು ಯಾರೂ ಮುಟ್ಟಿಲ್ಲ, ಒಂದು ಪೈಸೆಯೂ ಕಳೆದಿಲ್ಲ, ಆದರೂ ಪೂಜೆಗೆ ಹಣವಿಲ್ಲ. ಹಾಗಾದರೆ ಶಾಶ್ವತವಾಗಿ ಉಳಿದದ್ದು ಏನು? ಅಂಕಿ ಮಾತ್ರ. ಕೊಳ್ಳುವ ಶಕ್ತಿ ಕರಗಿಹೋಯಿತು.

ಇದನ್ನು ನಿಧಾನವಾಗಿ ಬಿಡಿಸುತ್ತೇನೆ. ಇಡುಗಂಟು 10 ಲಕ್ಷ, ಬಡ್ಡಿ ಶೇಕಡಾ 7, ಬೆಲೆ ಏರಿಕೆ ಶೇಕಡಾ 5 ಎಂದುಕೊಳ್ಳಿ.

ಮೊದಲ ದಾರಿ: ಬಂದದ್ದನ್ನೆಲ್ಲ ಹಂಚುವುದು. ಪ್ರತಿವರ್ಷ 70,000. ಅಸಲು 10 ಲಕ್ಷದಲ್ಲೇ ನಿಂತಿರುತ್ತದೆ.

ಎರಡನೆಯ ದಾರಿ: ಬೆಲೆ ಏರಿಕೆಯಷ್ಟನ್ನು, ಅಂದರೆ 50,000ವನ್ನು, ಅಸಲಿಗೇ ಮರಳಿ ಸೇರಿಸಿ 20,000 ಮಾತ್ರ ಹಂಚುವುದು. ಮುಂದಿನ ವರ್ಷ ಅಸಲು 10.5 ಲಕ್ಷ, ಹಂಚಿಕೆ 21,000. ಅಸಲೂ ಹಂಚಿಕೆಯೂ ವರ್ಷ ವರ್ಷ ಶೇಕಡಾ 5ರಷ್ಟು ಬೆಳೆಯುತ್ತವೆ, ಅಂಗಡಿಯ ಬೆಲೆಗಳ ಜೊತೆಜೊತೆಗೇ.

ಪುಸ್ತಕ ಇಲ್ಲಿಗೆ ‘ಆದ್ದರಿಂದ ಎರಡನೆಯದೇ ಸರಿ’ ಎಂದು ಮುಂದೆ ಹೋಗುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ. 70,000 ಎಲ್ಲಿ, 20,000 ಎಲ್ಲಿ! ಕುಳಿತು ವರ್ಷವಾರು ಪಟ್ಟಿ ಬರೆದೆ. ಎರಡನೆಯ ದಾರಿಯ ಹಂಚಿಕೆ 26ನೆಯ ವರ್ಷದಲ್ಲಿ ಸುಮಾರು 67,700. 27ನೆಯ ವರ್ಷದಲ್ಲಿ ಸುಮಾರು 71,100. ಅಂದರೆ 26 ವರ್ಷಗಳ ಕಾಲ ಮೊದಲ ದಾರಿಯೇ ಹೆಚ್ಚು ಕೊಡುತ್ತದೆ. ಈ ಹೊತ್ತಿಗೆ ಡಯಾಲಿಸಿಸ್‌ಗೆ ಹಣವಿಲ್ಲದೆ ಕುಳಿತವರಿಗೆ 27ನೆಯ ವರ್ಷದ ಕಥೆ ಹೇಳಿ ಪ್ರಯೋಜನವೇನು ಎಂಬ ನನ್ನ ತಕರಾರು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ತರ್ಕ ಈಗ ಅರ್ಥವಾಗಿದೆ: ಎರಡನೆಯ ದಾರಿಯಲ್ಲಿ ಮೊಮ್ಮಕ್ಕಳ ಕಾಲದ ರೋಗಿಗೂ ಇಂದಿನ ರೋಗಿಗೆ ಸಿಕ್ಕಷ್ಟೇ ನೆರವು ಸಿಗುತ್ತದೆ. ಮೊದಲ ದಾರಿಯಲ್ಲಿ ಸಿಗುವುದು ನನ್ನ ಅಜ್ಜನ 35 ರೂಪಾಯಿ.

ಪಟ್ಟಿ ಬರೆಯುವ ತಾಳ್ಮೆ ಇಲ್ಲದವರಿಗೆ ನನ್ನ ಮೆಚ್ಚಿನ ಅಡ್ಡದಾರಿ: 72ನ್ನು ಬೆಲೆ ಏರಿಕೆಯ ಶೇಕಡಾವಾರಿನಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ವರ್ಷಗಳಲ್ಲಿ ಬೆಲೆ ಇಮ್ಮಡಿಯಾಗುತ್ತದೆ, ಹಣದ ಶಕ್ತಿ ಅರ್ಧವಾಗುತ್ತದೆ. ಶೇಕಡಾ 6 ಆದರೆ 12 ವರ್ಷ. 1978ರಿಂದ ಈಚೆಗೆ ಸುಮಾರು 48 ವರ್ಷ, ಅಂದರೆ ನಾಲ್ಕು ಸಲ ಇಮ್ಮಡಿ, ಒಟ್ಟು 16 ಪಟ್ಟು. 501ನ್ನು 16ರಿಂದ ಗುಣಿಸಿದರೆ 8,016. ಕಳೆದ ತಿಂಗಳು ಅದೇ ದೇವಸ್ಥಾನದ ಕಚೇರಿಯಲ್ಲಿ ಕೇಳಿದೆ, ಈಗ ಶಾಶ್ವತ ಪೂಜೆಗೆ 10,001. ನನ್ನ ಲೆಕ್ಕ ತೀರಾ ದೂರ ಹೋಗಿಲ್ಲ! ಹಳೆಯ ರಶೀದಿಗಳ ಪೂಜೆಯನ್ನು ಈಗ ಹೇಗೆ ನಡೆಸುತ್ತೀರಿ ಎಂದು ಕೇಳಿದ್ದಕ್ಕೆ ಗುಮಾಸ್ತರು, ‘ಹುಂಡಿಯಿಂದ ಹಾಕುತ್ತೇವೆ ಮಾರಾಯರೇ, ಇನ್ನೇನು ಮಾಡುವುದು?’ ಎಂದರು.

ನಮ್ಮ ಹಿರಿಯರಿಗೆ ಇದು ತಿಳಿದಿರಲಿಲ್ಲವೇ? ತಿಳಿದಿತ್ತು ಎಂದು ನನಗೆ ತೋರುತ್ತದೆ. ಹಳೆಯ ದತ್ತಿ ಶಾಸನಗಳಲ್ಲಿ ನಂದಾದೀಪಕ್ಕೆಂದು ಗದ್ದೆ ಬಿಟ್ಟುಕೊಟ್ಟದ್ದು ಮತ್ತೆ ಮತ್ತೆ ಬರುತ್ತದೆ. ಗದ್ದೆಯ ಗೇಣಿ ಬರುತ್ತಿದ್ದದ್ದು ಅಕ್ಕಿಯ ಮುಡಿಗಳಲ್ಲಿ. ಅಕ್ಕಿಯ ಬೆಲೆ ಏರಿದರೆ ಗೇಣಿಯ ಬೆಲೆಯೂ ತಾನಾಗಿಯೇ ಏರುತ್ತಿತ್ತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದ, ದೇವಸ್ಥಾನಗಳ ಗೇಣಿ ಜಮೀನೂ ಒಕ್ಕಲುಗಳ ಪಾಲಾಯಿತು. ಅದು ನ್ಯಾಯವೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಡುಗಂಟಿನ ಲೆಕ್ಕದಲ್ಲಿ ನೋಡಿದರೆ, ಅಕ್ಕಿಯ ಬದಲು ದೇವಸ್ಥಾನಗಳ ಕೈಗೆ ಬಂದ ವರ್ಷಾಶನ ನಗದಿನಲ್ಲಿತ್ತು. ಸರ್ಕಾರವೇ ಏರಿಸಿದ ಹೊರತು ನಗದು ತಾನಾಗಿ ಏರುವುದಿಲ್ಲ.

ಅಮೆರಿಕದ ಶೇಕಡಾ 4–5 ನಮ್ಮಲ್ಲಿ ಏಕೆ ನಡೆಯದು

ಅಲ್ಲಿನ ಪ್ರತಿಷ್ಠಾನಗಳು ಸಾಮಾನ್ಯವಾಗಿ ಇಡುಗಂಟಿನ ಶೇಕಡಾ 4ರಿಂದ 5ರಷ್ಟನ್ನು ವರ್ಷಕ್ಕೆ ಹಂಚುತ್ತವೆ. ಹಣದ ದೊಡ್ಡ ಭಾಗ ಷೇರುಗಳಲ್ಲಿರುವುದರಿಂದ ದೀರ್ಘಾವಧಿಯಲ್ಲಿ ಅದಕ್ಕಿಂತ ಹೆಚ್ಚು ಗಳಿಕೆಯ ನಿರೀಕ್ಷೆ ಅವರದು. ಷೇರುಪೇಟೆ ಏರಿ ಇಳಿದಾಗ ಊರಿನ ಸಂಸ್ಥೆಗಳಿಗೆ ಹೊಡೆತ ಬೀಳದಂತೆ ಮೂರು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸರಾಸರಿ ತೆಗೆದುಕೊಳ್ಳುತ್ತಾರೆ. ಮೂರು ವರ್ಷಗಳ ಮೌಲ್ಯ 1 ಕೋಟಿ, 1.2 ಕೋಟಿ, 80 ಲಕ್ಷ ಎಂದಾದರೆ ಸರಾಸರಿ 1 ಕೋಟಿ, ಅದರ ಶೇಕಡಾ 5 ಎಂದರೆ 5 ಲಕ್ಷ. ಸರಾಸರಿ ಇಲ್ಲದಿದ್ದರೆ ಹಿಂದಿನ ವರ್ಷ 6 ಲಕ್ಷ ಪಡೆದವರು ಈ ವರ್ಷ 4 ಲಕ್ಷಕ್ಕೆ ಇಳಿಯುತ್ತಿದ್ದರು.

ನಮ್ಮಲ್ಲಿ ತೊಡಕು ಆದಾಯ ತೆರಿಗೆ ಕಾನೂನಿನದು. ದತ್ತಿ ಸಂಸ್ಥೆ ತೆರಿಗೆ ವಿನಾಯಿತಿ ಉಳಿಸಿಕೊಳ್ಳಬೇಕಾದರೆ ವರ್ಷದ ಆದಾಯದ ಶೇಕಡಾ 85ನ್ನು ಉದ್ದೇಶಕ್ಕೆ ಬಳಸಬೇಕು. ಮೇಲಿನ ಎರಡನೆಯ ದಾರಿಯನ್ನು ಈಗ ಮತ್ತೆ ನೋಡಿ. 70,000ದಲ್ಲಿ 50,000 ಉಳಿಸಲು ಬಿಡುವುದೇ ಇಲ್ಲ! 59,500 ಖರ್ಚು ಮಾಡಲೇಬೇಕು, ನಿಶ್ಚಿಂತೆಯಿಂದ ಉಳಿಸಿಕೊಳ್ಳಬಹುದಾದದ್ದು 10,500. ನಿರ್ದಿಷ್ಟ ಉದ್ದೇಶ ಬರೆದುಕೊಟ್ಟು ಐದು ವರ್ಷದವರೆಗೆ ಕೂಡಿಡಬಹುದು, ಆದರೆ ಅದನ್ನೂ ಕೊನೆಗೆ ಖರ್ಚು ಮಾಡಲೇಬೇಕು. ನೇರವಾಗಿ ಷೇರು ಕೊಳ್ಳುವುದಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ. ಹೂಡಿಕೆಯ ವಿಧಾನಗಳ ಪಟ್ಟಿಯೇ ಇದೆ: ಬ್ಯಾಂಕ್ ಠೇವಣಿ, ಸರ್ಕಾರಿ ಸಾಲಪತ್ರ, ಮ್ಯೂಚುವಲ್ ಫಂಡ್ ಇತ್ಯಾದಿ.

ಹಾಗಾದರೆ ಇಡುಗಂಟು ಬೆಲೆ ಏರಿಕೆಗೆ ಸರಿಗಟ್ಟುವುದು ಹೇಗೆ? ಹೊಸ ದಾನದಿಂದ. ಬೇಕಿರುವುದು 50,000, ಉಳಿದದ್ದು 10,500, ಕೊರತೆ 39,500. ಹತ್ತು ಲಕ್ಷದ ಪ್ರತಿ ಗಂಟಿಗೂ ವರ್ಷಕ್ಕೆ 39,500 ರೂಪಾಯಿ ಹೊಸದಾಗಿ ತಂದರೆ ಮಾತ್ರ ಅದು ನಿಂತಲ್ಲಿ ನಿಲ್ಲುತ್ತದೆ. ಒಮ್ಮೆ ಕೂಡಿಸಿ ಕೈಕಟ್ಟಿ ಕೂರುವಂತಿಲ್ಲ, ದಾನಿಗಳ ಮನೆಗೆ ನಡೆಯುತ್ತಲೇ ಇರಬೇಕು. ಪಿಗ್ಮಿಯವನ ನೆನಪು ನನಗೆ ಬಂದದ್ದು ಇಲ್ಲಿಯೇ. ಇಲ್ಲೊಂದು ಚಿಕ್ಕ ಎಚ್ಚರಿಕೆ: ‘ಇದು ಮೂಲಧನಕ್ಕೆ’ ಎಂದು ದಾನಿ ಬರೆದುಕೊಡಬೇಕು. ಆ ಒಂದು ಸಾಲಿನ ಪತ್ರವಿದ್ದು, ಹಣ ಪಟ್ಟಿಯಲ್ಲಿರುವ ವಿಧಾನದಲ್ಲೇ ಹೂಡಿಕೆಯಾದರೆ ದಾನ ಆದಾಯದ ಲೆಕ್ಕಕ್ಕೆ ಬರುವುದಿಲ್ಲ. ಪತ್ರವಿಲ್ಲದಿದ್ದರೆ ಶೇಕಡಾ 85ರ ಬಲೆಗೆ ಬೀಳುತ್ತದೆ.

ದಾನಿ ಹಾಕುವ ಗಂಟುಗಳು

ದಾನಿಯ ಷರತ್ತಿಗೆ ತಕ್ಕಂತೆ ಪುಸ್ತಕ ಐದು ಬಗೆಯ ನಿಧಿ ಹೇಳುತ್ತದೆ: ಷರತ್ತಿಲ್ಲದ ನಿಧಿ, ಕ್ಷೇತ್ರ ಮಾತ್ರ ಹೇಳಿದ ನಿಧಿ (ಆರೋಗ್ಯಕ್ಕೆ, ಶಿಕ್ಷಣಕ್ಕೆ), ಇಂಥದೇ ಸಂಸ್ಥೆಗೆಂದ ನಿಧಿ, ವಿದ್ಯಾರ್ಥಿವೇತನ ನಿಧಿ, ದಾನಿಯೇ ಸಲಹೆ ಕೊಡುವ ನಿಧಿ. ಕೊನೆಯದು ನ್ಯೂಯಾರ್ಕಿನಲ್ಲಿ 1931ರಲ್ಲಿ ಶುರುವಾಯಿತು. ಅದರಲ್ಲಿ ದಾನಿಯದು ಸಲಹೆ ಮಾತ್ರ, ಹಣ ಕಾನೂನಿನ ಪ್ರಕಾರ ಪ್ರತಿಷ್ಠಾನದ್ದು. ಐದನ್ನೂ ಬಾಯಿಪಾಠ ಮಾಡಿಬಿಡಿ, ಅಂಕ ಸಿಗುತ್ತದೆ.

ನಿಜವಾಗಿ ಯೋಚಿಸಬೇಕಾದದ್ದು ಷರತ್ತು ಹಳಸುವ ವಿಷಯ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನದಿ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು. 1920ರಲ್ಲಿ ಒಬ್ಬರು ‘ಹಂಚಿನ ಕಾರ್ಖಾನೆಯ ಕೂಲಿಗಳ ಮಕ್ಕಳಿಗೆ ಮಾತ್ರ’ ಎಂದು ಇಡುಗಂಟು ಇಟ್ಟಿದ್ದರು ಎಂದು ಊಹಿಸಿಕೊಳ್ಳಿ. ಇಂದು ಹೆಚ್ಚಿನ ಕಾರ್ಖಾನೆಗಳು ಮುಚ್ಚಿವೆ. ಉಳ್ಳಾಲ, ಸೋಮೇಶ್ವರದ ಕಡೆ ಕಡಲ್ಕೊರೆತಕ್ಕೆ ಮನೆಗಳು ಹೋಗುತ್ತಿವೆ, ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವಾಗಲೇ ಶಾಲೆಯ ಶುಲ್ಕದ ಹೊತ್ತೂ ಬರುತ್ತದೆ. ಹಣ ಬ್ಯಾಂಕಿನಲ್ಲಿ ಬೆಚ್ಚಗೆ ಮಲಗಿದೆ, ಮುಟ್ಟುವಂತಿಲ್ಲ. ಗೋಫ್ ಅವರನ್ನು ಕಾಡಿದ್ದು ಇದೇ, ಸತ್ತವರ ಕೈ ಬದುಕಿರುವವರ ಹಣವನ್ನು ಹಿಡಿದಿಟ್ಟುಕೊಳ್ಳುವುದು. 1790ರಲ್ಲಿ ತೀರಿಕೊಂಡ ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ಬಿಟ್ಟು, ಕಸುಬು ಕಲಿತ ತರುಣರಿಗೆ ಸಾಲ ಕೊಡುತ್ತ 200 ವರ್ಷ ಬೆಳೆಸಿ ಎಂದಿದ್ದರು. ಬಾಸ್ಟನ್ನಿನ ಗಂಟು ಸುಮಾರು 50 ಲಕ್ಷ ಡಾಲರ್ ಆಯಿತು, ಆದರೆ ಗುರುವಿನ ಮನೆಯಲ್ಲಿದ್ದು ಕಸುಬು ಕಲಿಯುವ ಪದ್ಧತಿಯೇ ನಡುವೆ ಅಳಿದುಹೋಯಿತು.

ಕ್ಲೀವ್‌ಲ್ಯಾಂಡ್ ಕಂಡುಕೊಂಡ ಪರಿಹಾರ: ಷರತ್ತು ಅರ್ಥ ಕಳೆದುಕೊಂಡರೆ ಪ್ರತಿಷ್ಠಾನದ ಮಂಡಳಿಯೇ ಹಣವನ್ನು ಹತ್ತಿರದ ಬೇರೆ ಅಗತ್ಯಕ್ಕೆ ತಿರುಗಿಸಬಹುದು ಎಂಬ ಅಧಿಕಾರವನ್ನು ಮೊದಲೇ ದತ್ತಿಪತ್ರದಲ್ಲಿ ಬರೆದಿಡುವುದು. ನಮ್ಮಲ್ಲಿ ಸಾರ್ವಜನಿಕ ಟ್ರಸ್ಟಿನ ಉದ್ದೇಶ ಬದಲಿಸಬೇಕೆಂದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಡಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಷರತ್ತು ಹಾಕುವ ದಾನಿಯ ಮುಂದೆ ‘ಕಾಲ ಬದಲಾದರೆ’ ಎಂಬ ಒಂದು ವಾಕ್ಯ ಸೇರಿಸಿ ಎಂದು ಕೇಳುವುದು ಅದಕ್ಕಿಂತ ಎಷ್ಟೋ ಸುಲಭ.

ಗಲ್ಫಿನ ಹಣ, ಚುಟುಕಾಗಿ

ನಮ್ಮ ಜಿಲ್ಲೆಗಳಲ್ಲಿ ದಾನಿ ಎಂದರೆ ಅರ್ಧ ಜನ ದುಬೈ, ಕುವೈತಿನಲ್ಲಿರುವವರು. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅದೇ ಮನೆಯ ಇನ್ನೊಬ್ಬ ಮಗ ಅಮೆರಿಕದ ಪೌರನಾಗಿದ್ದರೆ ಅವನ ಹಣ ವಿದೇಶಿ ದೇಣಿಗೆ. ಸಾಗರೋತ್ತರ ಪೌರ ಕಾರ್ಡ್ ಇದ್ದರೂ ಅಷ್ಟೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ವಿದೇಶಿ ದೇಣಿಗೆ ಕಾನೂನಿನ 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಸಮುದಾಯ ಪ್ರತಿಷ್ಠಾನದ ಕೆಲಸವೇ ಪಡೆದು ಹಂಚುವುದು, ಆದ್ದರಿಂದ ಈ ಹಣದಲ್ಲಿ ಅದು ತಾನೇ ನೇರವಾಗಿ ಕೆಲಸ ನಡೆಸಬೇಕು.

ಅಭ್ಯಾಸಕ್ಕೆ ಒಂದು ಲೆಕ್ಕ: ಇಡುಗಂಟು 25 ಲಕ್ಷ, ಬಡ್ಡಿ ಶೇಕಡಾ 6, ಬೆಲೆ ಏರಿಕೆ ಶೇಕಡಾ 4. ಕಾನೂನು ಮುರಿಯದೆ ಗಂಟಿನ ಶಕ್ತಿ ಉಳಿಸಲು ವರ್ಷಕ್ಕೆ ಎಷ್ಟು ಹೊಸ ದಾನ ಬೇಕು? ನನಗೆ ಬಂದ ಉತ್ತರ 77,500. ನಿಮಗೆ ಬೇರೆ ಬಂದರೆ ಶೇಕಡಾ 15ನ್ನು ಬಡ್ಡಿಯ ಮೇಲೆ ಹಾಕಿದಿರೋ, ಅಸಲಿನ ಮೇಲೆ ಹಾಕಿದಿರೋ ನೋಡಿಕೊಳ್ಳಿ. ನಾನು ಎರಡು ಸಲ ಅಸಲಿನ ಮೇಲೇ ಹಾಕಿದ್ದೆ.